ಪಾತ್ರೆ ಅಂಗಡಿಯ ಜಂಬುನಾಥ ರಾಳ ಆರಿಸಿದ್ದು

ಹೊಸಪೇಟೆಯ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಜಂಬುನಾಥನಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳಲಾಗದು. ‘ಗೊತ್ತಿಲ್ಲ’ ಎಂದು ಹೇಳುವ ಅಭ್ಯಾಸ ಇರಲಿಲ್ಲ, ಅಷ್ಟೆ. ಹಗರಿಬೊಮ್ಮನಹಳ್ಳಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಯಾರಾದರೂ ಕೇಳಿದರೆ ಕೂತಲ್ಲಿಂದಲೇ ಕೈ ತೋರಿಸಿಬಿಡುವನು. ಬಸ್ಸು ಅಲ್ಲಿ ನಿಲ್ಲದಿದ್ದರೆ ಅದು ಬಸ್ಸಿನ ತಪ್ಪು. ಆದರೆ ಅವನಲ್ಲಿ ಇನ್ನೊಂದು ಗುಣವೂ ಇತ್ತು. ಕೈ ತೋರಿಸಿದ ಮೇಲೆ, ಬಸ್ಸು ನಿಜವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಂಡು ಬರುವ ತನಕ ಅವನಿಗೆ ಊಟ ಸೇರುತ್ತಿರಲಿಲ್ಲ. ಮೊದಲ ಗುಣದಿಂದ ಅವನು ತೊಂದರೆಗೆ ಬೀಳುತ್ತಿದ್ದ. ಎರಡನೆಯ ಗುಣದಿಂದ ಇನ್ನಷ್ಟು ಒಳಗೆ ಹೋಗುತ್ತಿದ್ದ.

ಮಾರ್ಚ್ ತಿಂಗಳ ಒಂದು ಭಾನುವಾರ ಅವನೂ ಅವನ ಹೆಂಡತಿ ಗಂಗಾಂಬಿಕಾಳೂ ಸಂಡೂರಿಗೆ ಊಟಕ್ಕೆ ಹೋಗಿದ್ದರು. ಅಲ್ಲಿ ಅವಳ ತಂಗಿ ಸುನಿತಾಳ ಮನೆ. ತಂಗಿಯ ಗಂಡ ಗಿರೀಶ್ ಗಣಿ ಕಂಪನಿಯೊಂದರಲ್ಲಿ ಇಂಜಿನಿಯರು. ಹೋಳಿಗೆ ಊಟ ಮುಗಿದ ಮೇಲೆ ಗಿರೀಶ್ ಎಲ್ಲರನ್ನೂ ಅಂಗಳಕ್ಕೆ ಕರೆದು, ತಾನು ಹೊಸದಾಗಿ ತರಿಸಿದ ಕಪ್ಪು ಸೈಕಲ್ಲನ್ನು ಒಂದೇ ಬೆರಳಿನಿಂದ ಎತ್ತಿ ತೋರಿಸಿದ.

“ಕಾರ್ಬನ್ ಫೈಬರ್ ಅಣ್ಣಾರ. ಬಟ್ಟಿಯಿಂದ ಮಾಡಿದ್ದು. ಕಬ್ಬಿಣಕ್ಕಿಂತ ಗಟ್ಟಿ,” ಎಂದ.

ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಮೂವತ್ತು ವರ್ಷ ಸ್ಟೀಲು, ಹಿತ್ತಾಳೆ, ಅಲ್ಯುಮಿನಿಯಂ ತೂಗಿ ಮಾರಿದ ಮನುಷ್ಯನ ಎದುರು ಬಟ್ಟೆಯೊಂದು ಹೀಗೆ ಮೆರೆಯುವುದನ್ನು ಜಂಬುನಾಥನಿಗೆ ಸಹಿಸಲಾಗಲಿಲ್ಲ.

“ಇದರಾಗೇನೈತಿ? ನಾನೂ ಮಾಡಬೇಕಂತ ಮಾಡೀನಿ,” ಎಂದ. “ಮೊದಲು ಒಂದು ತಾಟು.”

“ಹೌದಾ? ಯಾವ ರೆಸಿನ್ ಹಾಕ್ತೀರಿ?” ಗಿರೀಶ್ ನಿಜವಾಗಿಯೂ ಆಸಕ್ತಿಯಿಂದ ಕೇಳಿದ. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಂಬುನಾಥ ಸುಲಭವಾಗಿ ಪಾರಾಗುತ್ತಿದ್ದ.

“ಅದನ್ನಷ್ಟ ಆರಿಸೋದೈತಿ,” ಎಂದ ಜಂಬುನಾಥ, ಉಳಿದದ್ದೆಲ್ಲ ಮುಗಿದಿದೆ ಎಂಬಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಗಂಗಾಂಬಿಕಾ ಕೇಳಿದಳು. “ರೆಸಿನ್ ಅಂದ್ರೇನ್ರಿ?”

ಜಂಬುನಾಥ ಕಿಟಕಿಯ ಕಡೆ ತಿರುಗಿ ಮೊಬೈಲಿನಲ್ಲಿ ಹುಡುಕಿದ. “ರಾಳ,” ಎಂದ ಗಂಭೀರವಾಗಿ. “ಗಿಡದಿಂದ ಬರೋ ಅಂಟು. ಇಷ್ಟೂ ಗೊತ್ತಿಲ್ಲೇನು ನಿನಗ?”

ಮರುದಿನ ಬೆಳಿಗ್ಗೆ ಅವನು ನೆಟ್ಟಗೆ ಗ್ರಂಥಿಗೆ ಅಂಗಡಿಗೆ ಹೋದ. ಬೇರು, ನಾರು, ಧೂಪ, ಅರಿಶಿಣ ಕೊಂಬು ಮಾರುವ ಆ ಅಂಗಡಿಯ ಯಜಮಾನ ರೇವಣಸಿದ್ದಪ್ಪ ಗಲ್ಲೆಯ ಹಿಂದೆ ಕೂತು ಅಳಲೆಕಾಯಿ ಆರಿಸುತ್ತಿದ್ದ.

“ರಾಳ ಐತೇನ್ರಿ?”

“ಐತ್ರಿ. ಯಾವುದಕ್ಕ ಬೇಕು? ಧೂಪಕ್ಕೋ, ಮುಲಾಮಿಗೋ?”

ಜಂಬುನಾಥ ಸುತ್ತ ನೋಡಿ ದನಿ ತಗ್ಗಿಸಿದ. “ಎರಡಕ್ಕೂ ಅಲ್ಲ. ಬಟ್ಟಿ ಮ್ಯಾಲೆ ಬಳೀಬೇಕು. ಅದರ ಮ್ಯಾಲೆ ಇನ್ನೊಂದು ಪದರು ಬಟ್ಟಿ. ಮತ್ತ ರಾಳ. ಹಿಂಗ ಮೂರು ನಾಲ್ಕು ಪದರು. ಒಣಗಿದ ಮ್ಯಾಲೆ ಕಬ್ಬಿಣ ಆಗಬೇಕು.”

ರೇವಣಸಿದ್ದಪ್ಪನ ಕೈಯಲ್ಲಿದ್ದ ಅಳಲೆಕಾಯಿ ಕೈಯಲ್ಲೇ ಉಳಿಯಿತು. ಎಲುಬು ಮುರಿದವರಿಗೆ ಹಳೆಯ ಕಾಲದ ನಾಟಿ ವೈದ್ಯರು ರಾಳ ಬಳಿದ ಬಟ್ಟೆಯನ್ನೇ ಪದರಪದರವಾಗಿ ಕಟ್ಟುತ್ತಿದ್ದರು. ಅಂಥವರು ಬಂದು ರಾಳ ಒಯ್ದು ಇಪ್ಪತ್ತು ವರ್ಷವಾಗಿತ್ತು.

“ತಿಳೀತು ಬಿಡ್ರಿ,” ಎಂದ ಅವನು. “ಎಲ್ಲಿ ಕಲಿತ್ರಿ ಈ ವಿದ್ಯೆ?”

ಏನು ತಿಳಿಯಿತು ಎಂದು ಕೇಳುವುದು ಜಂಬುನಾಥನ ಸ್ವಭಾವಕ್ಕೆ ವಿರುದ್ಧವಾಗಿತ್ತು. “ಸಂಡೂರಾಗ,” ಎಂದ.

“ಹಂಗನ್ರಿ. ಸಂಡೂರು ಗುಡ್ಡದಾಗ ಇನ್ನೂ ಅಂಥೋರು ಅದಾರಂತ ಕೇಳಿದ್ದೆ,” ಎಂದು ರೇವಣಸಿದ್ದಪ್ಪ ಒಳಗಿನ ಡಬ್ಬಿಯಿಂದ ಒಳ್ಳೆಯ ರಾಳ ತೆಗೆದು ಎರಡು ಕೈಯಲ್ಲಿ ಕೊಟ್ಟ.

ಆ ರಾಳವನ್ನು ಜಂಬುನಾಥ ಮನೆಯ ಗ್ಯಾಸಿನ ಮೇಲೆ ಕರಗಿಸಿದ. ಒಂದು ಹಳೆಯ ಪಂಚೆಗೆ ಬಳಿದು, ಊಟದ ಸ್ಟೀಲ್ ತಾಟಿನ ಮೇಲೆ ಹರಡಿ ಒಣಗಲು ಇಟ್ಟ. ಮನೆ ತುಂಬ ಹೊಗೆ ಕಟ್ಟಿಕೊಂಡಿತು. ಪಕ್ಕದ ಮನೆಯವರು ಇವತ್ತು ಅಮಾವಾಸ್ಯೆಯೇ ಎಂದು ಕ್ಯಾಲೆಂಡರ್ ನೋಡಿದರು. ಸಂಜೆಗೆ ಪಂಚೆ ಹಪ್ಪಳದಂತಾಗಿತ್ತು. ಎತ್ತಿದರೆ ಪುಡಿಯಾಯಿತು. ಜಂಬುನಾಥ ಪುಡಿಯನ್ನು ಬೆರಳಿನಲ್ಲಿ ತಿಕ್ಕಿ, ಮೂಸಿ, ದೀಪಕ್ಕೆ ಹಿಡಿದು ನೋಡಿದ.

“ಬಟ್ಟಿ ತಪ್ಪೋ, ರಾಳ ತಪ್ಪೋ?” ಎಂದು ಕೇಳಿಕೊಂಡ.

“ಬಟ್ಟಿ ನಿಮ್ಮದ, ರಾಳ ನಿಮ್ಮದ,” ಎಂದಳು ಗಂಗಾಂಬಿಕಾ. “ಗ್ಯಾಸಿನ ಕಟ್ಟಿ ಮಾತ್ರ ನಂದು. ಅದನ್ನ ತೊಳದು ಕೊಡ್ರಿ.”

ಗ್ಯಾಸಿನ ಕಟ್ಟೆ ತೊಳೆಯುತ್ತಲೇ ಅವನಿಗೆ ಬೈಪಾಸ್ ರಸ್ತೆಯ ಈಶ್ವರ್ ನೆನಪಾದ. ಈಶ್ವರ್ ಫೈಬರ್ ಕೆಲಸದವನು. ಲಾರಿ ಕ್ಯಾಬಿನ್ನಿನ ಮೇಲ್ಛಾವಣಿ, ಬಚ್ಚಲು ಬಾಗಿಲು, ಶಾಲೆಯ ಮುಂದೆ ನಿಲ್ಲಿಸುವ ಜಿರಾಫೆ, ಎಲ್ಲವನ್ನೂ ಮಾಡುವನು. ಜಂಬುನಾಥ ಹೋದಾಗ ಅವನು ಜಿರಾಫೆಯ ಕುತ್ತಿಗೆಯ ಒಳಗೆ ತಲೆ ಹಾಕಿದ್ದ.

“ಕಾರ್ಬನ್ ಬಟ್ಟಿಗೆ ಯಾವ ರೆಸಿನ್ ಚಲೋ ಅಂತ ನಿನ್ನ ಅಭಿಪ್ರಾಯ?” ಎಂದು ಜಂಬುನಾಥ ಕೇಳಿದ. ತನ್ನ ಅಭಿಪ್ರಾಯ ಬೇರೆ ಇದೆ ಎಂಬ ಧಾಟಿಯಲ್ಲಿ.

ಈಶ್ವರ್ ಹೊರಗೆ ಬಂದ. “ನಾ ಹಾಕೋದು ಪಾಲಿಯೆಸ್ಟರ್ ಅಣ್ಣ. ಈ ವಾಸನಿ ಬರ್ತೈತಲ್ಲ, ಅದ. ಗ್ಲಾಸ್ ಬಟ್ಟಿಗೆ, ಜಿರಾಫಿಗೆ ಅದು ಸಾಕು. ಕಾರ್ಬನ್ ಬಟ್ಟಿನ ಅದು ಗಟ್ಟಿಯಾಗಿ ಹಿಡಿಯಂಗಿಲ್ಲ. ಅಷ್ಟು ದುಬಾರಿ ಬಟ್ಟಿ ತಂದು ಇದನ್ನ ಬಳದ್ರ ರೇಷ್ಮಿ ಸೀರಿಗೆ ಗೋಣಿ ದಾರ ಹಾಕಿ ಹೊಲದಂಗ. ಹೊಸದಾಗಿ ಕಲಿಯೋರಿಗೆ ಎಪಾಕ್ಸಿನ ಚಲೋ.”

“ನಾನೂ ಅದನ್ನ ಅನ್ಕೊಂಡಿದ್ದೆ,” ಎಂದ ಜಂಬುನಾಥ. ಆ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು.

“ಎಪಾಕ್ಸಿಯೊಳಗ ಎರಡು ಡಬ್ಬಿ ಇರ್ತಾವು. ಎ ರೆಸಿನ್, ಬಿ ಹಾರ್ಡನರ್, ಅಂದ್ರ ಗಟ್ಟಿ ಮಾಡೋದು. ಹಾರ್ಡನರ್ ನಿಧಾನದ್ದು ತರಿಸ್ರಿ. ನಮ್ಮೂರ ಬಿಸಿಲಿಗೆ ಜಲ್ದಿ ಆಗೋದು ತಂದ್ರ ಬ್ರಷ್ ಎತ್ತೋದ್ರೊಳಗ ಬ್ರಷ್ಷ ಗಟ್ಟಿ ಆಗಿರ್ತೈತಿ. ಇನ್ನೊಂದು ಮಾತು. ನನ್ನ ಪಾಲಿಯೆಸ್ಟರಿಗೆ ಗಟ್ಟಿ ಮಾಡೋ ನೀರು ಎರಡು ಹನಿ ಹೆಚ್ಚು ಕಡಿಮಿ ಹಾಕಿದ್ರೂ ನಡೀತೈತಿ. ಎಪಾಕ್ಸಿಗೆ ಹಂಗಲ್ಲ. ನೂರು ಗ್ರಾಂ ‘ಎ’ಗೆ ಮೂವತ್ತು ಗ್ರಾಂ ಬಿ ಅಂತ ಡಬ್ಬಿ ಮ್ಯಾಲೆ ಬರದಿದ್ರ ಮೂವತ್ತ. ಜಲ್ದಿ ಆಗ್ಲಿ ಅಂತ ಹೆಚ್ಚಿಗಿ ಹಾಕಿದ್ರ ಎಂದೂ ಆಗಂಗಿಲ್ಲ, ಅಂಟಂಟಾಗಿ ಹಂಗ ಕುಂದರ್ತೈತಿ. ಮತ್ತ ಸ್ವಲ್ಪ ಸ್ವಲ್ಪ ಕಲಿಸ್ರಿ.”

ಕೊನೆಯ ಮಾತು ಹೇಳುವಾಗ ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಜಂಬುನಾಥನಿಗೆ ಅದು ಕೇಳಿಸಿತೋ ಇಲ್ಲವೋ ಹೇಳುವುದು ಕಷ್ಟ. ಈಶ್ವರನ ಮೊಬೈಲಿನಿಂದಲೇ ಎಪಾಕ್ಸಿಗೂ ಎರಡು ಮೀಟರ್ ಕಪ್ಪು ಬಟ್ಟೆಗೂ ಆರ್ಡರ್ ಹೋಯಿತು.

ಪಾರ್ಸೆಲ್ ಬರುವುದಕ್ಕೆ ಮೊದಲೇ ರೋಗಿಗಳು ಬಂದರು.

ಮೊದಲನೆಯವನು ಮರಿಯಮ್ಮನಹಳ್ಳಿಯ ಲಾರಿ ಡ್ರೈವರ್. ಊದಿದ ಮಣಿಕಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ಕುಕ್ಕರುಗಳ ಮುಂದೆ ನಿಂತ. ಜಂಬುನಾಥ ಅವನಿಗೆ ಮೂರು ಲೀಟರಿನ ಕುಕ್ಕರ್ ತೋರಿಸಿದ. ಡ್ರೈವರ್ ಅವನಿಗೆ ಮಣಿಕಟ್ಟು ತೋರಿಸಿದ. “ರೇವಣಸಿದ್ದಪ್ಪಾರು ಕಳಿಸ್ಯಾರ್ರಿ. ಸಂಡೂರಿನ ಕಟ್ಟು ಕಟ್ತೀರಂತಲ್ಲ.”

ಸುಳ್ಳು ಹೇಳಲು ಜಂಬುನಾಥ ಹಿಂಜರಿಯುತ್ತಿರಲಿಲ್ಲ, ಆದರೆ ಇನ್ನೊಬ್ಬನ ಎಲುಬಿನ ಮೇಲೆ ಹೇಳುವಷ್ಟು ಧೈರ್ಯ ಅವನಿಗಿರಲಿಲ್ಲ. “ನಾ ಅಂಥೋನಲ್ಲಪ್ಪ. ಮೊದಲು ಎಕ್ಸ್‌ರೇ ತಗಿಸು. ನಡಿ, ನಾನ ಆಟೋ ಹತ್ತಿಸ್ತೀನಿ,” ಎಂದು ಆಸ್ಪತ್ರೆಗೆ ಕಳಿಸಿದ.

ಇದರಿಂದ ವಿಷಯ ಮುಗಿಯಬೇಕಿತ್ತು. ಆದರೆ ಡ್ರೈವರ್ ಹೋಗುತ್ತ, ಎದುರಿನ ಟೀ ಅಂಗಡಿಯಲ್ಲಿ ಹೇಳಿದ ಮಾತು ಹೀಗಿತ್ತು: “ಖರೇ ವೈದ್ಯರು ಅವರ. ಆಸೆ ಇಲ್ಲ. ಕೈ ನೋಡಿದ ಕೂಡಲೇ ಒಲ್ಲೆ ಅಂದ್ರು.” ಮರುದಿನ ಮೂವರು ಬಂದರು. ಅವರಿಗೂ ಒಲ್ಲೆ ಎಂದ. ಅದರ ಮರುದಿನ ಏಳು ಜನ ಬಂದರು. ಒಲ್ಲೆ ಅನ್ನುವ ವೈದ್ಯನಿಗೆ ಇರುವ ಬೆಲೆ ಹೂಂ ಅನ್ನುವ ವೈದ್ಯನಿಗೆ ಎಲ್ಲಿ?

ಅವತ್ತೇ ಎಂಟನೆಯದಾಗಿ ಬಂದಿದ್ದು ಆಡು. ಅದನ್ನು ಎತ್ತಿಕೊಂಡು ಬಂದವಳು ಚೋರನೂರಿನ ಭರಮಮ್ಮ ಎಂಬ ಮುದುಕಿ. ಆಡಿನ ಮುಂಗಾಲು ಮುರಿದು ಜೋತಾಡುತ್ತಿತ್ತು. ಭರಮಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಎರಡು ಬಸ್ಸು ಬದಲಿಸಿ ಬಂದೀನಿ ಯಪ್ಪ. ಕಟ್ಟಿದ್ರ ಏಳ್ತೀನಿ,” ಎಂದಳು. ಆಡು ಅಷ್ಟರಲ್ಲಿ ಹೊಸ ಬೋಗುಣಿಗಳ ಮೇಲಿನ ಕಾಗದದ ಚೀಟಿಗಳನ್ನು ತಿನ್ನತೊಡಗಿತ್ತು.

ಮನೆ ಅಂಗಡಿಯ ಹಿಂದೆಯೇ. ಗಂಗಾಂಬಿಕಾ ಹೊರಗೆ ಬಂದು ನೋಡಿದಳು. ಅವಳು ಹುಟ್ಟಿ ಬೆಳೆದದ್ದು ಕುರಿ ಆಡು ಇದ್ದ ಮನೆಯಲ್ಲಿ. ಗಂಡನನ್ನು ಪಕ್ಕಕ್ಕೆ ಸರಿಸಿ, ಬಿದಿರು ಬುಟ್ಟಿಯೊಂದರಿಂದ ನಾಲ್ಕು ಸೀಳು ಕಿತ್ತು, ಹಳೆಯ ಸೀರೆಯ ಅಂಚು ಹರಿದು, ಕಾಲು ನೆಟ್ಟಗೆ ಹಿಡಿದು ಕಟ್ಟಿದಳು. “ಇಪ್ಪತ್ತು ದಿನ ಬಿಚ್ಚಬ್ಯಾಡ ಅಜ್ಜಿ. ನಿಮ್ಮೂರ ದನದ ಡಾಕ್ಟರಿಗೂ ತೋರಿಸು,” ಎಂದಳು.

ಆಡು ಎದ್ದು ನಿಂತು ನಾಲ್ಕನೆಯ ಕಾಲನ್ನು ನೆಲಕ್ಕೆ ಮುಟ್ಟಿಸಿತು. ಬಜಾರಿನಲ್ಲಿ ಅರ್ಧ ಜನ ಅದನ್ನು ನೋಡಿದರು. ಉಳಿದ ಅರ್ಧ ಜನ ಅವರಿಗಿಂತ ಚೆನ್ನಾಗಿ ವರ್ಣಿಸಿದರು. ಕಂಪ್ಲಿ ತಲುಪುವ ಹೊತ್ತಿಗೆ ಆ ಆಡು ಓಡಿತ್ತು. ಹಂಪಿ ಕಡೆಗೆ ಹೋದ ಸುದ್ದಿಯಲ್ಲಿ ಗೋಡೆ ಹಾರಿತ್ತು. ಕಟ್ಟಿದ್ದು ಹೆಂಡತಿ ಎಂಬ ವಿವರ ಮಾತ್ರ ದಾರಿಯಲ್ಲೇ ಉದುರಿಹೋಗಿತ್ತು.

ಪಾರ್ಸೆಲ್ ಬಂದದ್ದು ಬುಧವಾರ. ಜಂಬುನಾಥ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲವನ್ನೂ ಅಣಿಮಾಡಿಕೊಂಡ. ಮೂಗಿಗೆ ಮಾಸ್ಕು, ಕೈಗೆ ರಬ್ಬರ್ ಗ್ಲೋವ್ಸು, ಮುಂದೆ ತೂಕದ ಯಂತ್ರ. ಕಪ್ಪು ಬಟ್ಟೆಯನ್ನು ಸವರಿ ನೋಡಿದ. ಹಾವಿನ ಮೈಯಂತೆ ಹೊಳೆಯುತ್ತಿತ್ತು. ಎಳೆಯೊಂದನ್ನು ಎಳೆದು ಜಗ್ಗಿದ, ಹರಿಯಲಿಲ್ಲ. ಬಾಗಿಸಿದ, ಪಟ್ಟನೆ ಮುರಿಯಿತು. ಜಗ್ಗಿದರೆ ಹರಿಯದ್ದು ಬಾಗಿಸಿದರೆ ಯಾಕೆ ಮುರಿಯಬೇಕು ಎಂದು ಅರ್ಧ ಗಂಟೆ ಅದನ್ನೇ ಮಾಡುತ್ತ ಕೂತ. ಆಮೇಲೆ ಎ ಡಬ್ಬಿಯಿಂದ ನಾನೂರು ಗ್ರಾಂ, ಬಿ ಡಬ್ಬಿಯಿಂದ ನೂರಿಪ್ಪತ್ತು ಗ್ರಾಂ ಒಂದೇ ಪ್ಲಾಸ್ಟಿಕ್ ಮಗ್ಗಿಗೆ ಸುರಿದು ಕಲಸಿದ. ಮದುವೆ ಮನೆಗಳಿಗೆ ಕೊಪ್ಪರಿಗೆ ಮಾರುವವನಿಗೆ ಸ್ವಲ್ಪ ಸ್ವಲ್ಪ ಕಲಸುವುದು ಒಗ್ಗುವುದಿಲ್ಲ.

ಅದೇ ಹೊತ್ತಿಗೆ ಆರೋಗ್ಯ ಇಲಾಖೆಯ ಅಧಿಕಾರಿ ವೇದಾಂತ್ ಬಾಗಿಲಲ್ಲಿ ನಿಂತಿದ್ದರು. ನಕಲಿ ವೈದ್ಯರನ್ನು ಹಿಡಿಯುವುದು ಅವರ ಕೆಲಸ. ಮೆಲುಮಾತಿನ ಮನುಷ್ಯ, ಕೈಯಲ್ಲಿ ಫೈಲು. ಅವರ ಬೆನ್ನ ಹಿಂದೆ ಇಪ್ಪತ್ತು ಮೂವತ್ತು ಜನ. ಮಾಸ್ಕು, ಗ್ಲೋವ್ಸು, ತಕ್ಕಡಿ, ಔಷಧಿಯಂಥ ದ್ರವ, ಎಲ್ಲವೂ ಕಣ್ಣ ಮುಂದೆ ಇತ್ತು. ಇಷ್ಟು ಸುಲಭವಾಗಿ ಯಾವ ನಕಲಿ ವೈದ್ಯನೂ ಅವರಿಗೆ ಸಿಕ್ಕಿರಲಿಲ್ಲ.

“ಏನು ಕಲಸ್ತಿದ್ದೀರಿ?” ಎಂದು ಕೇಳಿ ಬರೆಯಲು ಶುರು ಮಾಡಿದರು.

ಇಷ್ಟು ದಿನದಲ್ಲಿ ರೆಸಿನ್ನಿನ ಬಗ್ಗೆ ಇಷ್ಟು ಗೌರವದಿಂದ ಯಾರೂ ಕೇಳಿರಲಿಲ್ಲ. ಜಂಬುನಾಥನ ಮುಖ ಅರಳಿತು. “ಬರ್ರಿ ಸಾರ್, ಕುಂದ್ರಿ. ಇದು ಎ, ಅದು ಬಿ. ಎರಡೂ ಕೂಡಿದ್ರಷ್ಟ ಕೆಲಸ ಮಾಡ್ತಾವು.”

“ಪ್ರಮಾಣ?”

“ನೂರಕ್ಕೆ ಮೂವತ್ತು. ಒಂದು ಗ್ರಾಂ ಹೆಚ್ಚು ಕಡಿಮಿ ಆಗಂಗಿಲ್ಲ. ಆದ್ರ ಕೆಡ್ತು.”

“ಎಷ್ಟು ದಿವಸಕ್ಕೆ ಗುಣ ಕಾಣುತ್ತೆ?”

“ಒಂದು ದಿನ ಅಲುಗಾಡಿಸಬಾರದು. ಏಳು ದಿನಕ್ಕ ಪೂರ್ತಿ ಗಟ್ಟಿ.”

“ಅಡ್ಡ ಪರಿಣಾಮ?”

“ಮೈಗೆ ಹತ್ತಿದ್ರ ಕೆಲವರಿಗೆ ತುರಿಕಿ ಬರ್ತೈತಂತ. ಅದಕ್ಕ ಈ ಗ್ಲೋವ್ಸು.”

ವೇದಾಂತ್ ಒಂದಕ್ಷರವೂ ಬಿಡದೆ ಬರೆದುಕೊಂಡರು. ಪುಟ ತಿರುವಿ ಕೇಳಿದರು. “ಇಲ್ಲಿವರೆಗೆ ಎಷ್ಟು ಜನರ ಮೇಲೆ ಹಾಕಿದ್ದೀರಿ?”

“ಜನರ ಮ್ಯಾಲೆ ಯಾಕ ಹಾಕಲಿ ಸಾರ್? ತಾಟಿನ ಮ್ಯಾಲೆ.”

“ತಾಟಿಗೆ ಏನಾಗಿದೆ?”

“ಏನೂ ಆಗಿಲ್ಲ. ಚಲೋ ಐತಿ. ಅದರ ಮ್ಯಾಲೆ ಹಾಕಿ, ಗಟ್ಟಿ ಆದ ಮ್ಯಾಲೆ ತಗದುಬಿಡೋದು.”

ವೇದಾಂತರ ಪೆನ್ನು ನಿಂತಿತು. ರೋಗಿಯನ್ನು ಬಿಟ್ಟು ತಾಟಿಗೆ ಕಟ್ಟು ಕಟ್ಟುವ ವೈದ್ಯಪದ್ಧತಿ ಅವರ ಸರ್ವೀಸಿನಲ್ಲಿ ಬಂದಿರಲಿಲ್ಲ. ಇದರಲ್ಲಿ ಮಂತ್ರತಂತ್ರ ಏನಾದರೂ ಇದೆಯೋ ಎಂದು ಅನುಮಾನವಾಗಿ, ಸಾಕ್ಷಿಗೆ ಬೇಕಾಗುತ್ತದೆಂದು ಮಗ್ಗನ್ನು ತಮ್ಮ ಕೈಗೆ ತೆಗೆದುಕೊಂಡರು.

“ಇದು ಯಾಕೆ ಬೆಚ್ಚಗಿದೆ?” ಎಂದರು.

“ಹೌದೇನ್ರಿ? ನಾ ಬಿಸಿ ಮಾಡಿಲ್ಲ,” ಎಂದ ಜಂಬುನಾಥ ಹತ್ತಿರ ಬಂದು. “ಎಷ್ಟು ಬೆಚ್ಚಗೈತಿ ಸಾರ್? ಚಹಾದಷ್ಟೋ?”

“ಈಗ ಚಹಾದಷ್ಟು.”

“ಈಗ?”

ವೇದಾಂತ್ ಮಗ್ಗನ್ನು ಹೊರಗಿನ ಕಲ್ಲುಹಾಸಿನ ಮೇಲೆ ಇಟ್ಟು ಬೆರಳು ಊದಿಕೊಂಡರು. ಮಗ್ಗಿನಿಂದ ಬಿಳಿ ಹೊಗೆ ಎದ್ದಿತು. ದ್ರವ ಹಳದಿಯಾಯಿತು, ಕಂದು ಬಣ್ಣಕ್ಕೆ ತಿರುಗಿತು, ಚಟಚಟ ಸದ್ದು ಮಾಡಿತು. ಪ್ಲಾಸ್ಟಿಕ್ ಮಗ್ಗು ಒಂದು ಕಡೆಗೆ ವಾಲಿ ಮಂಡಿಯೂರಿತು. ಒಲೆಯಿಲ್ಲ, ಬೆಂಕಿಯಿಲ್ಲ. ಜನ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

“ಔಷಧಿ ಜೀವಂತ ಐತಿ,” ಎಂದ ರೇವಣಸಿದ್ದಪ್ಪ.

ಜಂಬುನಾಥ ಮಾತ್ರ ಮೂಗು ಹಿಡಿದುಕೊಂಡು ಅದರ ಸುತ್ತ ಸುತ್ತಿದ. ಈಶ್ವರ್ ಹೇಳಿದ ಕೊನೆಯ ಮಾತು ಲಾರಿ ಹಾರ್ನಿನ ಕೆಳಗಿಂದ ಎದ್ದು ಈಗ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ, ಒಂದೇ ಕಡೆ ಹೆಚ್ಚು ಇದ್ದರೆ ಆ ಕಾವಿಗೆ ಹೋಗಲು ದಾರಿ ಇರುವುದಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪ. ಅವನಿಗೆ ತನ್ನ ಮೇಲೆ ಕೇಸು ಬೀಳಲಿದೆ ಎಂಬುದೇ ಮರೆತುಹೋಯಿತು.

ವೇದಾಂತ್ ಮರೆತಿರಲಿಲ್ಲ. “ಇದು ತಾಟು ಮಾಡೋ ಸಾಮಾನು ಅಂತೀರಿ. ಹೊರಗೆ ಇಷ್ಟು ಜನ ನಿಮ್ಮನ್ನ ವೈದ್ಯ ಅಂತಾರೆ. ಯಾರನ್ನ ನಂಬಲಿ? ಇದನ್ನ ನಿಮಗೆ ಹೇಳಿಕೊಟ್ಟ ಸಂಡೂರಿನವರು ಯಾರು? ಅವರನ್ನ ನಾಳೆ ಹನ್ನೊಂದಕ್ಕೆ ಕರೆಸಿ. ಇಲ್ಲಾಂದ್ರೆ ನಾನು ಅಂಗಡಿಗೆ ಬೀಗ ಹಾಕಬೇಕಾಗುತ್ತೆ.”

ಆ ರಾತ್ರಿ ಜಂಬುನಾಥ ಊಟ ಮಾಡಲಿಲ್ಲ. ಅಪ್ಪನ ಕಾಲದಿಂದ ಬಂದ ಅಂಗಡಿ. ಒಂದು ದಿನ ಬೀಗ ಬಿದ್ದರೂ ಬಜಾರು ಹತ್ತು ವರ್ಷ ಆಡಿಕೊಳ್ಳುತ್ತದೆ. “ಅವತ್ತ ಗ್ರಂಥಿಗೆ ಅಂಗಡ್ಯಾಗ ನನಗ ಗೊತ್ತಿಲ್ಲ ಅಂದಿದ್ರ ಮುಗೀತಿತ್ತು,” ಎಂದ.

“ಈಗರ ಅಂದ್ರಲ್ಲ,” ಎಂದಳು ಗಂಗಾಂಬಿಕಾ, ತಂಗಿಯ ಮನೆಗೆ ಫೋನ್ ಹಚ್ಚುತ್ತ.

ಮರುದಿನ ಹನ್ನೊಂದಕ್ಕೆ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಡೂರು ಗುಡ್ಡದಿಂದ ಗುರುಗಳೇ ಇಳಿದು ಬರುತ್ತಾರೆ ಎಂದು ಸುದ್ದಿಯಾಗಿತ್ತು. ರೇವಣಸಿದ್ದಪ್ಪ ಮಲ್ಲಿಗೆ ಹಾರ ತಂದಿದ್ದ. ಭರಮಮ್ಮ ಆಡನ್ನು ಎತ್ತಿಕೊಂಡು ಮತ್ತೆ ಎರಡು ಬಸ್ಸು ಬದಲಿಸಿ ಬಂದಿದ್ದಳು. ವೇದಾಂತ್ ಕುರ್ಚಿಯ ಮೇಲೆ ಫೈಲು ತೆರೆದು ಕೂತಿದ್ದರು.

ಆಟೋ ನಿಂತಿತು. ಅದರಿಂದ ಗಿರೀಶ್ ಬಹಳ ಹುಷಾರಾಗಿ ಇಳಿದ. ಅವನ ಬಲಗೈ ಮೊಣಕೈಯಿಂದ ಬೆರಳಿನ ತನಕ ಬಿಳಿ ಪ್ಲಾಸ್ಟರಿನಲ್ಲಿತ್ತು. ಕುತ್ತಿಗೆಗೆ ಜೋಲಿ ಕಟ್ಟಿತ್ತು.

ರೇವಣಸಿದ್ದಪ್ಪ ಎತ್ತಿದ ಹಾರ ಅರ್ಧಕ್ಕೆ ನಿಂತಿತು.

“ಏನಾತು ಗಿರೀಶ?” ಎಂದ ಜಂಬುನಾಥ.

“ಸೈಕಲ್ ಮ್ಯಾಲಿಂದ ಬಿದ್ದೆ ಅಣ್ಣಾರ, ಶುಕ್ರವಾರ. ಅದು ಭಾಳ ಹಗುರ ಐತಿ. ಗಾಳಿ ಜೋರು ಬಂತು, ಇಬ್ಬರೂ ಕೂಡಿ ಗಟಾರದಾಗ ಹೋದ್ವಿ. ನಿಮಗ ಹೇಳಬಾರದಂತ ಸುನಿತಾಗ ಹೇಳಿದ್ದೆ.”

ಭರಮಮ್ಮ ಮುಂದೆ ಬಂದು ಪ್ಲಾಸ್ಟರನ್ನು ಬೆರಳಿನಿಂದ ಕುಟ್ಟಿ ನೋಡಿದಳು. “ಇದ್ಯಾವ ಎಲಿ ಕಟ್ಟಪ್ಪ?”

“ಎಲಿ ಅಲ್ಲ ಅಜ್ಜಿ. ಆಸ್ಪತ್ರ್ಯಾಗ ಹಾಕಿದ್ದು. ನಲವತ್ತು ದಿನ ಇರಬೇಕಂತ.”

“ನಿನ್ನ ಕೈ ಕಟ್ಟಿಕೊಳ್ಳಾಕ ನೀನ ಆಸ್ಪತ್ರಿಗೆ ಹೋದ್ಯಾ?”

“ಮತ್ತೆಲ್ಲಿಗೆ ಹೋಗ್ಲಿ ಅಜ್ಜಿ?” ಗಿರೀಶನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಅದಕ್ಕಿಂತ ದೊಡ್ಡ ಹೇಳಿಕೆ ವೇದಾಂತರ ಫೈಲಿಗೆ ಬೇಕಿರಲಿಲ್ಲ. ರೇವಣಸಿದ್ದಪ್ಪ ಹಾರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಜನ ಒಬ್ಬೊಬ್ಬರಾಗಿ ಕರಗಿದರು. ಮಣಿಕಟ್ಟು, ಮೊಣಕಾಲು ಹಿಡಿದುಕೊಂಡು ಬಂದವರು ಗಿರೀಶನ ಬಳಿಯೇ ಆಸ್ಪತ್ರೆಯ ವಿಳಾಸ ಕೇಳಿಕೊಂಡು ಹೋದರು.

“ಹಂಗಾದ್ರ ನನ್ನ ಆಡು ಎದ್ದಿದ್ದು?” ಎಂದಳು ಭರಮಮ್ಮ.

“ಅದು ನಾ ಕಟ್ಟಿದ್ದು ಅಜ್ಜಿ,” ಎಂದಳು ಗಂಗಾಂಬಿಕಾ. ವೇದಾಂತ್ ತಲೆ ಎತ್ತಿದ್ದನ್ನು ನೋಡಿ ತಕ್ಷಣ ಸೇರಿಸಿದಳು. “ಆಡಿಗಷ್ಟ ಸಾರ್.”

ವೇದಾಂತ್ ಫೈಲು ಮುಚ್ಚಿದರು. ಜಂಬುನಾಥನಿಗೆ ಒಂದೇ ಷರತ್ತು ಹಾಕಿದರು. ಅಂಗಡಿಯ ಮುಂದೆ ಬೋರ್ಡು ಹಾಕಬೇಕು: ‘ಇಲ್ಲಿ ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಕಟ್ಟು ಕಟ್ಟುವುದಿಲ್ಲ.’ ಹೊರಡುವ ಮುಂಚೆ ಕಲ್ಲುಹಾಸಿನ ಮೇಲೆ ಕಲ್ಲಾಗಿ ಕೂತಿದ್ದ ಮಗ್ಗನ್ನು ಶೂವಿನ ತುದಿಯಿಂದ ತಟ್ಟಿದರು. ಅಲುಗಲಿಲ್ಲ. ಬಗ್ಗಿ ಕೈಯಿಂದ ಎಳೆದರು. “ವಿಚಿತ್ರವಪ್ಪ,” ಎಂದು ಇನ್ನೊಮ್ಮೆ ಎಳೆದು ನೋಡಿ ಹೋದರು.

ಬೋರ್ಡು ಹಾಕಿದ ನಾಲ್ಕನೆಯ ದಿನ ಅದರ ಮುಂದೆ ಒಬ್ಬ ಮನುಷ್ಯ ಬಹಳ ಹೊತ್ತು ನಿಂತಿದ್ದ. ಕರ್ರಗೆ ಗಟ್ಟಿಮುಟ್ಟಾದ ಆಳು, ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಉದ್ದನೆಯ ವಸ್ತು. ಕಂಪ್ಲಿಯಲ್ಲಿ ಹರಿಗೋಲು ನಡೆಸುವ ಓಬಳೇಶ.

“ಅಣ್ಣಾರ,” ಎಂದ, “ಮನುಷ್ಯರಿಗೆ ಕಟ್ಟಂಗಿಲ್ಲ, ಪ್ರಾಣಿಗೆ ಕಟ್ಟಂಗಿಲ್ಲ ಅಂತ ಬರ್ದೀರಿ. ಕಟ್ಟಿಗಿಗೆ ಕಟ್ಟಂಗಿಲ್ಲ ಅಂತ ಬರ್ದಿಲ್ಲ.”

ಗೋಣಿ ಬಿಚ್ಚಿದ. ಹರಿಗೋಲಿನ ಹುಟ್ಟು, ನೀರು ತಳ್ಳುವ ಹಲಗೆಗಿಂತ ತುಸು ಮೇಲೆ, ಕುತ್ತಿಗೆಯಲ್ಲಿ ಮುರಿದು ಎರಡು ತುಂಡಾಗಿತ್ತು. “ಹದಿನೆಂಟು ವರ್ಷದ್ದು. ಹೊಸಾದು ಎರಡು ಮಾಡಿಸಿದೆ. ಒಂದು ಭಾರ, ಒಂದು ಕೈಗೆ ಕುಂದರವಲ್ದು. ಹೊಳಿ ಆಚಿ ದಂಡಿಗೆ ಗದ್ದಿ ಕೆಲಸಕ್ಕ ಹೆಣ್ಮಕ್ಕಳನ್ನ ಒಯ್ಯೋನು ನಾನು. ಕೈಗೆ ಒಗ್ಗದ ಹುಟ್ಟು ಹಿಡದು ಅವರನ್ನ ಕುಂದ್ರಿಸಿಕೊಳ್ಳಾಕ ಧೈರ್ಯ ಬರವಲ್ದು. ಮುರಿದಿದ್ದು ಕೂಡಿಸ್ತೀರಂತ ಕೇಳಿದೆ. ಆಕ್ಕೈತೇನ್ರಿ?”

ಜಂಬುನಾಥ ಹುಟ್ಟನ್ನು ಕೈಗೆ ತೆಗೆದುಕೊಂಡ. ಹಿಡಿಯುವ ಜಾಗದಲ್ಲಿ ಓಬಳೇಶನ ಬೆರಳುಗಳ ಗುರುತು ಹಳ್ಳ ಬಿದ್ದಿತ್ತು. ಬಾಯಿಗೆ ಬಂದ ‘ಅದರಾಗೇನೈತಿ’ ಎಂಬ ಮಾತನ್ನು ಅವನು ನುಂಗಿಕೊಂಡ.

“ನನಗ ಗೊತ್ತಿಲ್ಲಪ್ಪ,” ಎಂದ. “ಆದ್ರ ನೋಡೋಣು.”

ಒಳಗಿದ್ದ ಗಂಗಾಂಬಿಕಾ ಆ ಮೊದಲ ಮಾತು ಕೇಳಿ, ಹೇಳಿದ್ದು ತನ್ನ ಗಂಡನೇ ಹೌದೋ ಅಲ್ಲವೋ ಎಂದು ಬಾಗಿಲಿಗೆ ಬಂದು ನೋಡಿದಳು.

ಈ ಸಲ ಈಶ್ವರನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡ. ಮುರಿದ ಜಾಗವನ್ನು ಎರಡು ದಿನ ಬಿಸಿಲಿಗೆ ಒಣಗಿಸಿದರು. ಹಳೆಯ ಎಣ್ಣೆ, ಬಣ್ಣ ಹೋಗುವ ತನಕ ಉಜ್ಜಿದರು. ಎರಡು ತುಂಡನ್ನೂ ರೆಸಿನ್ ಹಚ್ಚಿ ಜೋಡಿಸಿದರು. ಅದು ಹಿಡಿದ ಮೇಲೆ ಸಣ್ಣ ಬಟ್ಟಲಿನಲ್ಲಿ ಮೂವತ್ತು ಗ್ರಾಂ ಎ, ಒಂಬತ್ತು ಗ್ರಾಂ ಬಿ. ಹಾಕಿ, ಕಲಸಿ, ಬಳಿದು, ಮುಗಿದ ಮೇಲೆ ಇನ್ನೊಂದು ಬಟ್ಟಲು. ಬೆಳಗಿನ ತಂಪಿನಲ್ಲಿ ಕಪ್ಪು ಬಟ್ಟೆ ನಾಲ್ಕು ಪದರು ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಹೆಚ್ಚಿನ ರೆಸಿನ್ ಹಿಂಡಿ ತೆಗೆದರು. ಬಿಸಿಲಿಗೆ ಎಪಾಕ್ಸಿ ಹಾಳಾಗದಿರಲೆಂದು ಕೊನೆಗೆ ವಾರ್ನಿಶ್ ಆಯಿತು. ಏಳು ದಿನ ಜಂಬುನಾಥ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ತಾನು ಮಾತ್ರ ದಿನಕ್ಕೆ ನಾಲ್ಕು ಸಲ ಉಗುರಿನಿಂದ ತಟ್ಟಿ ಸದ್ದು ಕೇಳುತ್ತಿದ್ದ.

ಎಂಟನೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಕಂಪ್ಲಿಗೆ ಹೋದರು. ಹೊಳೆಯಲ್ಲಿ ನೀರು ಸಾಧಾರಣ ಇತ್ತು. ಓಬಳೇಶ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ, ತೂಗಿ ನೋಡಿದ. ಬೆರಳುಗಳು ತಮ್ಮ ಹಳ್ಳಗಳಲ್ಲಿ ಹೋಗಿ ಕೂತವು. ಅವನ ಮುಖದಲ್ಲಿ ಏನೋ ಸಡಿಲವಾಯಿತು.

“ಮೊದಲು ನೀವು ಕುಂದ್ರಿ ಅಣ್ಣಾರ. ಹೆಣ್ಮಕ್ಕಳನ್ನ ಆಮ್ಯಾಲೆ ಒಯ್ತೀನಿ.”

“ನನಗ ಈಜು ಬರಂಗಿಲ್ಲ,” ಎಂದ ಜಂಬುನಾಥ. ಒಂದೇ ತಿಂಗಳಿನಲ್ಲಿ ಎರಡನೆಯ ಸಲ ತನಗೆ ಬಾರದ್ದನ್ನು ಒಪ್ಪಿಕೊಂಡಿದ್ದ.

“ಕೂಡಿಸಿದೋರು ಕುಂತ್ರನ ನಂಬಿಕಿ.”

ಜಂಬುನಾಥ ಹರಿಗೋಲಿನಲ್ಲಿ ಕೂತ. ಗಂಗಾಂಬಿಕಾ ಸೆರಗು ಸಿಕ್ಕಿಸಿಕೊಂಡು ತಾನೂ ಹತ್ತಿದಳು. ಓಬಳೇಶ ನಿಧಾನವಾಗಿ ತಳ್ಳಿದ. ಜಂಬುನಾಥನ ಕಣ್ಣು ನೀರಿನ ಮೇಲಿರಲಿಲ್ಲ, ದಂಡೆಯ ಮೇಲಿರಲಿಲ್ಲ, ಆ ಕಪ್ಪು ಕುತ್ತಿಗೆಯ ಮೇಲೆ ಇತ್ತು. ಅದು ಬಾಗಲಿಲ್ಲ, ಬಿರುಕು ಬಿಡಲಿಲ್ಲ. ನಡು ಹೊಳೆಯಲ್ಲಿ ಸೆಳವು ಜೋರಾಯಿತು. ಓಬಳೇಶ ಮೊಣಕಾಲೂರಿ ಪೂರ್ತಿ ಬಲ ಹಾಕಿದ. ಫಟ್ ಎಂದು ಸದ್ದಾಯಿತು.

ಹುಟ್ಟು ಮುರಿದಿತ್ತು. ಆದರೆ ಜಂಬುನಾಥ ಸುತ್ತಿದ ಕಡೆ ಮುರಿದಿರಲಿಲ್ಲ. ಕಪ್ಪು ಬಟ್ಟೆ ಎಲ್ಲಿ ಮುಗಿದಿತ್ತೋ ಸರಿಯಾಗಿ ಅದರ ಮೇಲಿನ ಗೆರೆಯಲ್ಲಿ ಕಟ್ಟಿಗೆ ತುಂಡಾಗಿತ್ತು. ಹರಿಗೋಲು ಬುಗುರಿಯಂತೆ ತಿರುಗುತ್ತ ಕೆಳಗೆ ತೇಲತೊಡಗಿತು.

ಗಂಗಾಂಬಿಕಾ ಎರಡೂ ಕೈಯಿಂದ ಅಂಚು ಹಿಡಿದುಕೊಂಡಳು. ಜಂಬುನಾಥ ನೀರಿಗೆ ಜಾರುತ್ತಿದ್ದ ಹಲಗೆಯ ತುಂಡನ್ನು ಎರಡೂ ಕೈಯಿಂದ ಹಿಡಿದುಕೊಂಡ. “ಇಲ್ಲಿ ನೋಡ್ರಿ,” ಎಂದ, ತಿರುಗುತ್ತಲೇ. “ಕೂಡಿಸಿದ್ದು ಹಂಗ ಐತಿ. ನಾಕೂ ಪದರು ಒಂದ ಕಡೆ ಮುಗಿಸಿದ್ದು ತಪ್ಪಾತು. ಗಟ್ಟಿದು ಗಟ್ಟಿ ಉಳೀತು, ಭಾರೆಲ್ಲ ಬಂದು ಆ ಗೆರಿ ಮ್ಯಾಲೆ ಕುಂತೈತಿ. ಒಂದೊಂದು ಪದರು ಒಂದೊಂದು ಕಡೆ ಮುಗಿಸಬೇಕಾಗಿತ್ತು.”

“ಅದನ್ನ ದಂಡಿ ಮ್ಯಾಲೆ ಹೇಳಬೌದಲ್ಲ,” ಎಂದಳು ಗಂಗಾಂಬಿಕಾ.

ಓಬಳೇಶ ಅವನ ಕೈಯಿಂದ ಹಲಗೆಯಿದ್ದ ಗಿಡ್ಡ ತುಂಡನ್ನು ಕಿತ್ತುಕೊಂಡ. ಅಂಚಿನ ಮೇಲೆ ಬಗ್ಗಿ, ಕಪ್ಪು ಕುತ್ತಿಗೆಯನ್ನೇ ಹಿಡಿದು ನೀರು ತಳ್ಳಿದ. ಹರಿಗೋಲು ತಿರುಗುವುದನ್ನು ನಿಲ್ಲಿಸಿತು. ಇಳಿಯಬೇಕಾದ ಜಾಗಕ್ಕಿಂತ ಅರ್ಧ ಮೈಲು ಕೆಳಗೆ, ಬಾಳೆ ತೋಟವೊಂದರ ಅಂಚಿಗೆ ಬಂದು ಅದು ಮಣ್ಣಿಗೆ ತಾಗಿತು.

ಮೂವರೂ ಇಳಿದು ಒದ್ದೆ ಮಣ್ಣಿನ ಮೇಲೆ ಕೂತರು. ಜಂಬುನಾಥ ತಲೆ ತಗ್ಗಿಸಿ, ಬೈಗುಳ ಬರಲಿ ಎಂದು ಕಾದ. ಓಬಳೇಶ ಗಿಡ್ಡ ತುಂಡನ್ನು ಕಲ್ಲಿಗೆ ಊರಿ, ಕಪ್ಪು ಭಾಗದ ಮೇಲೆ ಕಾಲಿಟ್ಟು, ತನ್ನ ಪೂರ್ತಿ ಮೈಭಾರ ಹಾಕಿ ತುಳಿದ. ಅದು ಮಿಸುಕಲಿಲ್ಲ. ಇನ್ನೊಮ್ಮೆ ತುಳಿದ. ಆಮೇಲೆ ಎರಡೂ ತುಂಡನ್ನು ಗೋಣಿಯಲ್ಲಿ ಸುತ್ತಿ ಜಂಬುನಾಥನ ತೊಡೆಯ ಮೇಲೆ ಇಟ್ಟ.

“ಮ್ಯಾಲಿಂದ ಕೆಳಗಿನ ತನಕ ಪೂರ್ತಿ ಸುತ್ತಿಬಿಡ್ರಿ ಅಣ್ಣಾರ,” ಎಂದ. “ನನ್ನ ಬೆರಳಿನ ಜಾಗ ಒಂದು ಬಿಟ್ಟು.”